ವೇಷವೂ ಸಾಕ್ಷಿಯೂ

(ಬಾನುಲಿ ಭಾಷಣದ ಪಠ್ಯ)



ಈ ಗಳಿಗೆಯಲ್ಲಿ ನನ್ನ ಮಾತು ನಿಮ್ಮ ಕಿವಿಯನ್ನು ಯಾವ ದಾರಿಯಿಂದ ಮುಟ್ಟುತ್ತಿದೆಯೋ ನಾನರಿಯೆ. ನಿಮ್ಮಲ್ಲಿ ಕೆಲವರ ಮನೆಯ ಗೂಡಿನಲ್ಲಿ ಹಳೆಯ ರೇಡಿಯೋ ಪೆಟ್ಟಿಗೆಯೇ ಇನ್ನೂ ಇದ್ದೀತು. ಕೆಲವರು ಪ್ರಸಾರ ಭಾರತಿಯ ಆ್ಯಪನ್ನು ಮೊಬೈಲಿನಲ್ಲಿ ತೆರೆದು ಕೇಳುತ್ತಿದ್ದೀರಿ. ಮಾತು ಒಂದೇ, ಅದನ್ನು ಹೊತ್ತು ತರುವ ಪಾತ್ರೆ ಬೇರೆ. ಒಂದು ಪಾತ್ರೆಗೆಂದು ಸಿದ್ಧವಾದದ್ದನ್ನು ಇನ್ನೊಂದು ಪಾತ್ರೆಗೆ ಸುರಿದಾಗ ಏನು ಉಳಿಯುತ್ತದೆ, ಏನು ಚೆಲ್ಲಿಹೋಗುತ್ತದೆ ಎಂಬುದೇ ನನ್ನ ಇಂದಿನ ಮಾತಿನ ವಿಷಯ. ಸ್ಪಷ್ಟವಾಗಿ ಹೇಳುವುದಾದರೆ, ಮೊಬೈಲ್ ಫೋನಿಗೆಂದೇ ರಚಿಸಿದ ಆ್ಯಪುಗಳನ್ನು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ನಡೆಸುವುದು. ಹಾಗೆ ನಡೆಸಲು ನೆರವಾಗುವ ತಂತ್ರಾಂಶಕ್ಕೆ ಎಮುಲೇಟರ್ ಎಂದು ಹೆಸರು.

ಜೀವಮಾನವಿಡೀ ಹಳಗನ್ನಡ ಕಾವ್ಯವನ್ನು ಪಾಠ ಹೇಳಿ ನಿವೃತ್ತನಾದವನು ಇಂಥ ವಿಷಯಕ್ಕೆ ಏಕೆ ಕೈ ಹಾಕಿದನೆಂದು ನೀವು ಕೇಳಬಹುದು. ಕಾರಣ ಸರಳವಾದದ್ದು. ನನ್ನ ಕಣ್ಣು ಮಂದವಾಯಿತು. ಬೆರಳು ನಡುಗತೊಡಗಿತು. ಅಂಗೈಯಗಲದ ಗಾಜಿನ ಮೇಲೆ ಸಾಸಿವೆಯಂಥ ಅಕ್ಷರಗಳನ್ನು ಹುಡುಕಿ ಒತ್ತುವುದು ನನ್ನಿಂದ ಆಗದಾಯಿತು. ಒಂದನ್ನು ಒತ್ತಹೋದರೆ ಇನ್ನೊಂದು ತೆರೆಯುತ್ತಿತ್ತು. ಅದನ್ನು ಮುಚ್ಚಹೋದರೆ ಯಾರಿಗೋ ಕರೆ ಹೋಗುತ್ತಿತ್ತು. ಹಾಗೆಂದು ಬಿಟ್ಟುಬಿಡೋಣವೆಂದರೆ, ನಿಘಂಟಿನಿಂದ ಹಿಡಿದು ಹೊಲದ ದಾಖಲೆಯವರೆಗೆ ಎಲ್ಲವೂ ಆ ಗಾಜಿನೊಳಗೇ ಸೇರಿಕೊಂಡಿದೆ.

ನನ್ನ ಮೊಮ್ಮಗಳು ಎಂಜಿನಿಯರಿಂಗ್ ಓದುತ್ತಾಳೆ. ದೀಪಾವಳಿಯ ರಜೆಗೆ ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದವಳು ನನ್ನ ಪರದಾಟವನ್ನು ಎರಡು ದಿನ ನೋಡಿದಳು. ಮೂರನೆಯ ದಿನ, “ಅಜ್ಜಾ, ಅದನ್ನ ಹಿಡಕೊಂಡು ಕಣ್ಣು ಯಾಕ ನೋಯಿಸ್ಕೋತೀರಿ? ಫೋನಿನ್ಯಾಗಿದ್ದದ್ದನ್ನ ಈ ಕಂಪ್ಯೂಟರಿನ್ಯಾಗ ತರ್ತೀನಿ, ತಡೀರಿ” ಎಂದು ಕುಳಿತಳು. ಆ್ಯಪು ಕಟ್ಟುವವರಿಗಾಗಿ ಗೂಗಲ್ ಸಂಸ್ಥೆ ಕೊಡುವ ಆಂಡ್ರಾಯ್ಡ್ ಸ್ಟುಡಿಯೋ ಎಂಬ ತಂತ್ರಾಂಶವಿದೆ. ಅದರ ಜೊತೆಗೇ ಒಂದು ಎಮುಲೇಟರ್ ಬರುತ್ತದೆ. ಅವಳು ಅದನ್ನು ನನ್ನ ಕಂಪ್ಯೂಟರಿಗೆ ಇಳಿಸಿದಳು. ತಾಸೊತ್ತಿನ ಮೇಲೆ ಪರದೆಯ ನಡುವೆ ಒಂದು ಫೋನಿನ ಚಿತ್ರ ಮೂಡಿತು. ಅದು ಬರಿಯ ಚಿತ್ರವಾಗಿರಲಿಲ್ಲ. ಅದರಲ್ಲಿ ಗಡಿಯಾರ ಓಡುತ್ತಿತ್ತು. ಒತ್ತಿದರೆ ಕಿಟಕಿಗಳು ತೆರೆಯುತ್ತಿದ್ದವು. ಇಲಿಯ ಬಾಣವೇ ಬೆರಳಾಗಿತ್ತು. ನಿಘಂಟಿನ ಆ್ಯಪನ್ನು ತೆರೆದಾಗ ಅಕ್ಷರಗಳು ಹುಣಸೆಬೀಜದಷ್ಟು ದಪ್ಪವಾಗಿ ಎದುರು ನಿಂತವು. ಬಹಳ ದಿನಗಳ ಮೇಲೆ ಕನ್ನಡಕವನ್ನು ಹಣೆಗೇರಿಸದೆ ಓದಿದೆ. ಆ ಸುಖವನ್ನು ನನ್ನ ವಯಸ್ಸಿನವರಿಗೆ ವಿವರಿಸಬೇಕಿಲ್ಲ.

ಇದು ಹೇಗೆ ಸಾಧ್ಯವಾಯಿತೆಂದು ಕೇಳಿದೆ. ಅವಳು ಹೇಳಿದ್ದನ್ನು ನನಗೆ ತಿಳಿದ ಮಾತಿನಲ್ಲಿ ನಿಮಗೆ ಹೇಳುತ್ತೇನೆ.

ನಮ್ಮ ಬಹುತೇಕ ಫೋನುಗಳ ಮಿದುಳಿನಂತಿರುವ ಸಂಸ್ಕಾರಕವು ಆರ್ಮ್ ಎಂಬ ಬಳಗಕ್ಕೆ ಸೇರಿದ್ದು. ಮೇಜಿನ ಮೇಲಿನ ಬಹುತೇಕ ಕಂಪ್ಯೂಟರುಗಳದು ಇಂಟೆಲ್ ಮತ್ತು ಎಎಂಡಿ ಕಂಪನಿಗಳ ಎಕ್ಸ್-೮೬ ಎಂಬ ಬೇರೊಂದು ಬಳಗ. ಕೂಡು, ಕಳೆ, ತೆಗೆದಿಡು ಎಂಬ ಆಜ್ಞೆಗಳನ್ನು ಎರಡೂ ಬಳಗಗಳು ಪಾಲಿಸುತ್ತವೆ. ಆದರೆ ಆ ಆಜ್ಞೆಗಳ ಭಾಷೆ ಒಂದರದು ಇನ್ನೊಂದಕ್ಕೆ ಅರ್ಥವಾಗದು. ನಡುವೆ ಒಬ್ಬ ದುಭಾಷಿ ಬೇಕು. ಎಮುಲೇಟರು ಮೊದಲನೆಯದಾಗಿ ಆ ದುಭಾಷಿಯ ಕೆಲಸ ಮಾಡುತ್ತದೆ. ಎರಡನೆಯದಾಗಿ, ಕಂಪ್ಯೂಟರಿನ ನೆನಪಿನಲ್ಲಿ ಒಂದಷ್ಟು ಜಾಗವನ್ನು ಬೇಲಿ ಹಾಕಿ ಬೇರ್ಪಡಿಸಿ, ಅಲ್ಲಿ ಒಂದು ಇಡೀ ಫೋನಿನ ಸಂಸಾರವನ್ನೇ ಹೂಡುತ್ತದೆ. ಕಂಪ್ಯೂಟರು ಅಲ್ಲಿ ಆತಿಥೇಯ. ಒಳಗಿನ ಆಂಡ್ರಾಯ್ಡು ಅತಿಥಿ. ಅತಿಥಿಗೆ ತಾನು ಪರರ ಮನೆಯಲ್ಲಿದ್ದೇನೆಂಬುದು ಗೊತ್ತಾಗದಂತೆ ಆತಿಥೇಯನು ನೋಡಿಕೊಳ್ಳಬೇಕು. ಆ್ಯಪು ಕೇಳುತ್ತದೆ: ನೀನು ಯಾವ ಕಂಪನಿಯ ಫೋನು? ಎಮುಲೇಟರು ಒಂದು ಹೆಸರನ್ನು ಹೇಳುತ್ತದೆ. ನಿನ್ನನ್ನು ನೆಟ್ಟಗೆ ಹಿಡಿದಿದ್ದಾರೋ, ಅಡ್ಡಲಾಗಿ ಹಿಡಿದಿದ್ದಾರೋ? ಮೇಜಿನ ಮೇಲೆ ಅಲುಗದೆ ಕುಳಿತ ಕಂಪ್ಯೂಟರು ಅದಕ್ಕೂ ಒಂದು ಉತ್ತರವನ್ನು ಕೊಡುತ್ತದೆ. ಇಷ್ಟೆಲ್ಲವನ್ನು ನಡೆಸಲು ಶಕ್ತಿ ಬೇಕು. ಇಂಥ ಎಮುಲೇಟರುಗಳಲ್ಲಿ ಬಹು ಪ್ರಚಲಿತವಾದ ಬ್ಲೂಸ್ಟ್ಯಾಕ್ಸ್ ತನ್ನ ಐದನೆಯ ಆವೃತ್ತಿಗೆ ಕನಿಷ್ಠ ೪ ಜಿಬಿ ಸ್ಮೃತಿಯನ್ನು ಕೇಳುತ್ತದೆ. ಅನುಭವಸ್ಥರು ೮ ಜಿಬಿಗೆ ಕಡಿಮೆಯಿದ್ದರೆ ಬೇಡವೆನ್ನುತ್ತಾರೆ. ನನ್ನ ಹಳೆಯ ಕಂಪ್ಯೂಟರು ಆ ಭಾರಕ್ಕೆ ಏದುಸಿರು ಬಿಟ್ಟದ್ದನ್ನು ನಾನೇ ಕೇಳಿದ್ದೇನೆ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಸರಿಯಾದ ವಿವರಣೆಯನ್ನು ಒದಗಿಸಿದರೆ ಒಂದು ಯಂತ್ರವು ಬೇರೆ ಯಾವ ಲೆಕ್ಕದ ಯಂತ್ರದ ಕೆಲಸವನ್ನಾದರೂ ಮಾಡಬಲ್ಲದೆಂಬುದನ್ನು ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ೧೯೩೬ರಲ್ಲಿಯೇ ತಾತ್ವಿಕವಾಗಿ ತೋರಿಸಿದ್ದ. ೧೯೬೪ರಲ್ಲಿ ಅಮೆರಿಕದ ಐಬಿಎಂ ಕಂಪನಿ ‘ಸಿಸ್ಟಮ್ ೩೬೦’ ಎಂಬ ಹೊಸ ಯಂತ್ರಮಾಲೆಯನ್ನು ಪ್ರಕಟಿಸಿದಾಗ, ಹಳೆಯ ೧೪೦೧ ಯಂತ್ರಕ್ಕೆ ಬರೆಸಿಟ್ಟ ಲೆಕ್ಕಪತ್ರಗಳನ್ನೆಲ್ಲ ಹೇಗೆ ಬಿಡುವುದೆಂಬ ಚಿಂತೆ ಗಿರಾಕಿಗಳಿಗೆ ಹುಟ್ಟಿತು. ಹೊಸ ಯಂತ್ರವೇ ಹಳೆಯದರ ವೇಷ ಹಾಕಿ ಆ ಕೆಲಸ ನಡೆಸುವಂತೆ ಮಾಡಿದರು. ಎಮುಲೇಟರ್ ಎಂಬ ಹೆಸರು ಬಳಕೆಗೆ ಬಂದದ್ದು ಆ ಸಂದರ್ಭದಲ್ಲಿ. ಲ್ಯಾಟಿನ್ ಮೂಲದ ಆ ಶಬ್ದದಲ್ಲಿ ಬರಿಯ ಅನುಕರಣೆಯ ಅರ್ಥವಿಲ್ಲ. ಸರಿಗಟ್ಟಬೇಕು, ಸ್ಪರ್ಧಿಸಿ ಸಮನಾಗಬೇಕು ಎಂಬ ಹಟದ ಅರ್ಥವೂ ಇದೆ. ಕನ್ನಡದಲ್ಲಿ ‘ಅನುಕಾರಕ’ ಎನ್ನೋಣವೆಂದು ಯೋಚಿಸಿದೆ. ಆದರೆ ಆ ಹಟ ಅದರಲ್ಲಿ ಬರಲಿಲ್ಲ. ‘ವೇಷಧಾರಿ’ ಎಂದರೆ ಹತ್ತಿರವಾದೀತು. ಆ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ನಾನು ಹೇಳಬೇಕಾದದ್ದು ಆ ಎರಡು ಅರ್ಥಗಳ ನಡುವಿನ ಅಂತರವನ್ನೇ.

ರಾಮದುರ್ಗ, ಗೋಕಾಕದ ಕಡೆಗೆ ಶ್ರೀಕೃಷ್ಣ ಪಾರಿಜಾತದ ಆಟವನ್ನು ಕಂಡವರಿಗೆ ಮೊದಲನೆಯ ಅರ್ಥ ಗೊತ್ತು. ಹಗಲೆಲ್ಲ ಕೂರಿಗೆ ಹಿಡಿದು ದುಡಿದ ಗಂಡಸು ರಾತ್ರಿ ಸೀರೆಯುಟ್ಟು ಸತ್ಯಭಾಮೆಯಾಗಿ ರಂಗಕ್ಕೆ ಬರುತ್ತಾನೆ. ಅವನು ಭಾಮೆಯಲ್ಲವೆಂಬುದು ನೆರೆದವರಿಗೆಲ್ಲ ತಿಳಿದಿದೆ. ತಿಳಿದೂ ಅವನ ದುಃಖಕ್ಕೆ ಕಣ್ಣೊರಸಿಕೊಳ್ಳುತ್ತಾರೆ. ಅಲ್ಲಿ ಮೋಸವಿಲ್ಲ. ವೇಷವೆಂಬುದು ಇಬ್ಬರೂ ಒಪ್ಪಿ ಮಾಡಿಕೊಂಡ ಒಡಂಬಡಿಕೆ. ನನ್ನ ಕಂಪ್ಯೂಟರು ಫೋನಿನ ವೇಷ ಹಾಕಿ ನನಗೆ ನಿಘಂಟನ್ನು ಓದಿಸಿದ್ದು ಈ ಬಗೆಯದು. ಅದರಿಂದ ಯಾರಿಗೂ ಅನ್ಯಾಯವಾಗಲಿಲ್ಲ. ಒಬ್ಬ ಮುದುಕನಿಗೆ ಕಣ್ಣು ಬಂದಂತಾಯಿತು. ಆ್ಯಪು ಕಟ್ಟುವ ಹುಡುಗರು ಹತ್ತು ಬಗೆಯ ಫೋನು ಕೊಳ್ಳಲಾರದೆ ಒಂದೇ ಕಂಪ್ಯೂಟರಿನಲ್ಲಿ ಹತ್ತು ವೇಷ ಹಾಕಿಸಿ ತಮ್ಮ ಕೆಲಸವನ್ನು ಪರೀಕ್ಷಿಸುತ್ತಾರೆ. ೨೦೦೨ರಲ್ಲಿ ಹೊರಬಂದ ಡಾಸ್‌ಬಾಕ್ಸ್ ಎಂಬ ಎಮುಲೇಟರು ಎಂದೋ ಮರೆಯಾದ ಡಾಸ್ ಕಾಲದ ತಂತ್ರಾಂಶಗಳನ್ನು ಇಂದಿನ ಯಂತ್ರದಲ್ಲಿ ಎಬ್ಬಿಸಿ ನಡೆಸುತ್ತದೆ. ಹಳೆಯ ಯಂತ್ರ ತುಕ್ಕು ಹಿಡಿದರೂ ಅದಕ್ಕೆಂದು ಬರೆದದ್ದು ಬದುಕುತ್ತದೆ. ಸಾಹಿತ್ಯದ ವಿದ್ಯಾರ್ಥಿಗೆ ಇದು ತಾಳೆಗರಿಯಿಂದ ಕಾಗದಕ್ಕೆ ಪ್ರತಿ ಮಾಡಿದಷ್ಟೇ ಪುಣ್ಯದ ಕೆಲಸವಾಗಿ ತೋರುತ್ತದೆ.

ಎರಡನೆಯ ಅರ್ಥಕ್ಕೆ ಬರುತ್ತೇನೆ. ಮೊಮ್ಮಗಳು ಆ ಪರದೆಯ ಫೋನಿನಲ್ಲಿ ನಕ್ಷೆಯ ಆ್ಯಪನ್ನು ತೆರೆದಳು. ನಾನು ಎಲ್ಲಿದ್ದೇನೆಂದು ತೋರಿಸುವ ನೀಲಿ ಬೊಟ್ಟು ಅಮೆರಿಕದ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಎಂಬ ಊರಿನಲ್ಲಿ ಮಿನುಗುತ್ತಿತ್ತು. ನಾನು ಬೆಚ್ಚಿದೆ, ಅವಳು ನಕ್ಕಳು. ಆ ಎಮುಲೇಟರಿಗೆ ಉಪಗ್ರಹದ ಸಂಕೇತವನ್ನು ಹಿಡಿಯುವ ಅಂಗವಿಲ್ಲ. ಆದ್ದರಿಂದ ಯಾರೂ ಏನೂ ಹೇಳದಿದ್ದರೆ ಅದು ತನ್ನನ್ನು ಕಟ್ಟಿದ ಗೂಗಲ್ಲಿನ ಕೇಂದ್ರ ಕಚೇರಿಯ ತಾಣವನ್ನೇ ಹೇಳಿಬಿಡುತ್ತದೆ. “ಬ್ಯಾರೆ ಊರು ಬೇಕಂದ್ರ ಕೊಡಬಹುದು ಅಜ್ಜಾ” ಎಂದು ನಕ್ಷೆಯ ಮೇಲೆ ಕಿತ್ತೂರಿನ ಕೋಟೆಯನ್ನು ಒತ್ತಿದಳು. ಬೊಟ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ಕಿತ್ತೂರಿಗೆ ಬಂತು. ಸವದತ್ತಿಯ ಗುಡ್ಡವನ್ನು ಒತ್ತಿದಳು. ನಾನು ಎಲ್ಲಮ್ಮನ ಗುಡ್ಡದ ಮೇಲಿದ್ದೆ. ಕ್ಯಾಮರಾವನ್ನು ತೆರೆದಾಗ ಕಂಡದ್ದು ನಮ್ಮ ಪಡಸಾಲೆಯಲ್ಲ, ಯಾವುದೋ ಕಲ್ಪಿತ ಮನೆಯ ಕೋಣೆ. ಆ ಕೋಣೆಯಲ್ಲಿ ನಮಗೆ ಬೇಕಾದ ಚಿತ್ರವನ್ನು ತೂಗುಹಾಕಿ ಅದರ ಫೋಟೋ ತೆಗೆಯಬಹುದೆಂದೂ ತೋರಿಸಿದಳು. ಅವಳಿಗೆ ಅದೆಲ್ಲ ಆಟ, ಕಲಿಕೆ. ಆದರೆ ನನ್ನ ಮನಸ್ಸಿನಲ್ಲಿ ಅಲ್ಲಿಂದ ಒಂದು ಹುಳು ಹೊಕ್ಕಿತು. ಅದನ್ನು ನಾನು ಯಾರ ತಲೆಗೂ ಕಟ್ಟಲಾರೆ. ಆ ಆಸೆ ಸಂಪೂರ್ಣವಾಗಿ ನನ್ನದೇ.

ಮುನವಳ್ಳಿಯ ಸಮೀಪದಲ್ಲಿ, ಸವದತ್ತಿ ತಾಲೂಕಿನಲ್ಲಿ, ತಂದೆಯವರಿಂದ ಬಂದ ನಾಲ್ಕೆಕರೆ ಎರೆಹೊಲ ನನಗಿದೆ. ಅದನ್ನು ಆ ಊರಿನ ಒಬ್ಬ ರೈತನು ಪಾಲಿಗೆ ಮಾಡುತ್ತಾನೆ. ನಮ್ಮ ರಾಜ್ಯದಲ್ಲಿ ೨೦೨೦ರ ಮುಂಗಾರಿನಿಂದ, ತನ್ನ ಹೊಲದ ಬೆಳೆಯನ್ನು ರೈತನೇ ದಾಖಲಿಸುವ ಬೆಳೆ ಸಮೀಕ್ಷೆಯ ಆ್ಯಪು ಬಂದಿದೆ. ಹೊಲದ ಗಡಿಯೊಳಗೆ ನಿಂತು ಇಂಥ ಸರ್ವೆ ನಂಬರಿನಲ್ಲಿ ಇಂಥ ಬೆಳೆ ಎಂದು ನಮೂದಿಸಿ, ಫೋಟೋ ತೆಗೆದು ಕಳಿಸಬೇಕು. ಬೆಂಬಲ ಬೆಲೆಯ ಖರೀದಿಗೆ, ಬೆಳೆ ವಿಮೆಗೆ, ಬೆಳೆ ಹಾನಿಯ ಪರಿಹಾರಕ್ಕೆ ಆ ದಾಖಲೆ ಆಧಾರ. ಆ ವರ್ಷದ ಹಿಂಗಾರಿಯ ದಾಖಲೆಯನ್ನು ಮಾಡುವ ಹೊಣೆ ನನ್ನ ಮೇಲಿತ್ತು. ಮೊಣಕಾಲು ನೋವಿನಿಂದ ನಾನು ಹೊಲಕ್ಕೆ ಹೋಗಿ ಎರಡು ವರ್ಷವಾಗಿತ್ತು. ನಾನು ಹೀಗೆ ಯೋಚಿಸಿದೆ: ಬೊಟ್ಟು ಕಿತ್ತೂರಿಗೆ ಹೋಗಬಹುದಾದರೆ ಮುನವಳ್ಳಿಗೇಕೆ ಹೋಗಬಾರದು? ಫೋಟೋ ಹಳೆಯದೊಂದು ಇದೆ. ಬೆಳೆ ಯಾವುದೆಂಬುದಂತೂ ಗೊತ್ತೇ ಇದೆ. ನನ್ನ ತಂದೆಯ ಕಾಲದಿಂದಲೂ ಹಿಂಗಾರಿಯಲ್ಲಿ ಆ ಹೊಲಕ್ಕೆ ಬಿಳಿಜೋಳ. ಇದರಲ್ಲಿ ಸುಳ್ಳೇನು ಬಂತು? ಇದ್ದ ನಿಜವನ್ನೇ ಮನೆಯಲ್ಲಿ ಕುಳಿತು ಹೇಳಿದಂತಾಯಿತಲ್ಲ! ಆ ಉಪಾಯವನ್ನು ಆ ಆ್ಯಪು ಒಪ್ಪುತ್ತಿತ್ತೋ ಹಿಡಿದುಹಾಕುತ್ತಿತ್ತೋ, ನಾನು ಪರೀಕ್ಷಿಸಲಿಲ್ಲ. ಆದರೆ ಒಂದು ಹಗಲು ಅದನ್ನು ಮನಸ್ಸಿನಲ್ಲಿ ಸಾಕಿದ್ದು ನಿಜ.

ಸಂಜೆ ರೂಢಿಯಂತೆ ಕಿತ್ತೂರು ಚೆನ್ನಮ್ಮನ ಸಮಾಧಿಯ ಕಡೆಗೆ ನಡೆದೆ. ರಾಣಿ ನಮ್ಮ ಬೈಲಹೊಂಗಲದ ಸೆರೆಯಲ್ಲಿಯೇ ೧೮೨೯ರಲ್ಲಿ ದೇಹವಿಟ್ಟಳೆಂಬುದು ನಿಮಗೆ ತಿಳಿದದ್ದೇ. ಅಲ್ಲಿನ ಕಟ್ಟೆಯ ಮೇಲೆ ಕುಳಿತಾಗ, ತರಗತಿಯಲ್ಲಿ ಎಷ್ಟೋ ಸಲ ಹೇಳಿದ ಕಥೆ ಬೇರೊಂದು ಬಗೆಯಲ್ಲಿ ನೆನಪಾಯಿತು. ೧೮೨೪ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡ. ಅವನು ದತ್ತಕ ತೆಗೆದುಕೊಂಡಿದ್ದ ಪತ್ರ ಧಾರವಾಡದ ಕಲೆಕ್ಟರ ಥ್ಯಾಕರೆಗೆ ತಲುಪಿತು. ಥ್ಯಾಕರೆ ಆ ಪತ್ರದ ಸಾಚಾತನವನ್ನೇ ಸಂಶಯಿಸಿದ, ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರ್ ೨೩ರಂದು ಕೋಟೆಯ ಬಾಗಿಲಲ್ಲಿ ಯುದ್ಧವಾಗಿ ಅವನೂ ಸತ್ತ. ಮುಂದೆ ಸಂಸ್ಥಾನವೂ ಉಳಿಯಲಿಲ್ಲ. ಕಂಪನಿ ಸರ್ಕಾರಕ್ಕೆ ರಾಜ್ಯ ನುಂಗುವ ನೆಪ ಬೇಕಾಗಿತ್ತು, ನಿಜ. ಆದರೆ ಅದು ಹಿಡಿದ ನೆಪ ಯಾವುದು? ಈ ಕಾಗದಕ್ಕೆ ಹೇಳಿದ ಮನುಷ್ಯನೇ, ಹೇಳಿದ ಹೊತ್ತಿನಲ್ಲೇ ಸಹಿ ಹಾಕಿದನೇ ಎಂಬ ಪ್ರಶ್ನೆ. ದಾಖಲೆಯೆಂಬುದು ಬರಿಯ ಸಂಗತಿಯನ್ನು ಹೇಳುವುದಿಲ್ಲ. ನಾನು ಅಲ್ಲಿದ್ದೆ, ಕಂಡೆ, ಒಪ್ಪಿದೆ ಎಂದು ಹೇಳುತ್ತದೆ. ಆ ಮೂರು ಮಾತುಗಳಲ್ಲಿ ಒಂದು ಅಲುಗಿದರೂ ಬಲಶಾಲಿಯು ಬಡವನ ಮನೆಗೆ ಕೈ ಹಾಕಲು ದಾರಿಯಾಗುತ್ತದೆ. ಸಹಿಯ ಜಾಗದಲ್ಲಿ ಇಂದು ನೀಲಿ ಬೊಟ್ಟು ಬಂದಿದೆ, ಅಷ್ಟೆ.

ಮರುದಿನ ಬೆಳಗಿನ ಬಸ್ಸಿಗೆ ಮುನವಳ್ಳಿಗೆ ಹೋದೆ. ಮೊಮ್ಮಗಳು ಜೊತೆಗೆ ಬಂದಳು. ಪಾಲಿನ ರೈತ ಬದುವಿನ ಮೇಲೆ ನಿಂತಿದ್ದ. ನಾನು ಕಣ್ಣು ಕಿರಿದು ಮಾಡಿ ಹೊಲವನ್ನು ನೋಡಿದೆ. ಮೊಣಕಾಲೆತ್ತರವೂ ಇಲ್ಲದ ಹಸುರು ನೆಲಕ್ಕೆ ಹಬ್ಬಿಕೊಂಡಿತ್ತು. “ಇದೇನಪಾ, ಜೋಳ ಎಲ್ಲಿ?” ಎಂದೆ. ಅವನು ನಕ್ಕ. “ಜ್ವಾಳ ಎಲ್ಲೈತ್ರೀ ಮಾಸ್ತರ? ಹ್ವಾದ ವರ್ಸಾನs ಬಿಟ್ಟೀನಿ. ಪೂರಾ ಕಡ್ಲಿ ಬಿತ್ತೀನಿ. ಜ್ವಾಳ ಅಂದ್ರ ಬದುವಿನ ಕಡೆ ಆರು ಸಾಲು, ದನದ ಮೇವಿಗೆ.”

ಕೇಳುಗರೇ, ಆ ಕ್ಷಣದಲ್ಲಿ ನನ್ನ ಕಾಲ ಕೆಳಗಿನ ಎರೆಮಣ್ಣು ಕುಸಿದಂತಾಯಿತು. ಇದ್ದ ನಿಜವನ್ನೇ ಮನೆಯಲ್ಲಿ ಕುಳಿತು ಹೇಳುತ್ತೇನೆಂದು ನಾನು ಭಾವಿಸಿದ್ದೆ. ನನ್ನಲ್ಲಿದ್ದದ್ದು ನಿಜವಲ್ಲ, ನಿಜದ ಹಳೆಯ ನೆನಪು. ನಾನು ‘ಜೋಳ’ ಎಂದು ಬರೆದು ಕಳಿಸಿದ್ದರೆ, ಸುಗ್ಗಿಯಲ್ಲಿ ಈ ಮನುಷ್ಯ ಕಡಲೆಯ ಚೀಲಗಳನ್ನು ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಹೊತ್ತೊಯ್ದಾಗ, ಈ ಸರ್ವೆ ನಂಬರಿನಲ್ಲಿ ಕಡಲೆಯೇ ಇಲ್ಲವೆಂಬ ಉತ್ತರ ಬರುತ್ತಿತ್ತು. ಬಿತ್ತಿದವನು ಅವನು, ಕಳೆ ತೆಗೆದವಳು ಅವನ ಹೆಂಡತಿ. ಅವರ ವರ್ಷದ ದುಡಿಮೆಯನ್ನು ನಾನು ಬೈಲಹೊಂಗಲದ ಕುರ್ಚಿಯಲ್ಲಿ ಕುಳಿತು ಇಲ್ಲವಾಗಿಸುತ್ತಿದ್ದೆ. ನನಗೆ ಕೇಡಿನ ಉದ್ದೇಶವಿರಲಿಲ್ಲವೆಂಬ ಮಾತಿನಿಂದ ಅವರ ಚೀಲ ಮಾರಾಟವಾಗುತ್ತಿತ್ತೇ? ನಾನು ಏನೂ ಹೇಳದೆ ಫೋನನ್ನು ತೆಗೆದು ಮೊಮ್ಮಗಳ ಕೈಗೆ ಕೊಟ್ಟೆ. ಅಕ್ಷರಗಳನ್ನು ಅವಳು ಓದಿದಳು, ಬೆಳೆಯನ್ನು ರೈತ ಹೇಳಿದ, ನಾನು ನೋಡಿ ಹೌದೆಂದೆ. ಸಣ್ಣ ಗಾಜಿನ ಸಾಸಿವೆಯಕ್ಷರದಲ್ಲಿಯೇ ಕೆಲಸ ಮುಗಿಯಿತು.

ಎಮುಲೇಟರು ಕೆಟ್ಟದ್ದೆಂದು ಹೇಳಲು ನಾನು ಈ ಕಥೆಯನ್ನು ಹೇಳಲಿಲ್ಲ. ಇಂದಿಗೂ ನನ್ನ ಮೇಜಿನ ಮೇಲೆ ಅದಿದೆ, ಅದರಲ್ಲಿ ಓದುತ್ತೇನೆ. ಅನುಭವದಿಂದ ಕಲಿತ ಒಂದೆರಡು ವಿವೇಕದ ಮಾತುಗಳನ್ನು ನನ್ನಂಥವರಿಗೆ ಹೇಳಬಹುದು. ಜಾಲತಾಣವಾಗಿಯೂ ಸಿಗುವ ಸೇವೆಗೆ ಎಮುಲೇಟರು ಬೇಕಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು ೨೦೧೬ರಲ್ಲಿ ತೆರೆದ ಭಾರತವಾಣಿಯ ನಿಘಂಟುಗಳನ್ನು ಕಂಪ್ಯೂಟರಿನಲ್ಲಿ ನೇರವಾಗಿ ನೋಡಬಹುದೆಂಬುದು ನನಗೆ ತಡವಾಗಿ ತಿಳಿಯಿತು. ವಾಟ್ಸ್‌ಆ್ಯಪ್ ಕೂಡ ೨೦೧೫ರಿಂದಲೇ ಕಂಪ್ಯೂಟರಿನಲ್ಲಿ ತೆರೆಯುತ್ತದೆ. ಫೋನಿನ ಪರದೆಯನ್ನೇ ದೊಡ್ಡದಾಗಿ ಕಾಣಬೇಕೆಂದರೆ, ತಂತಿಯಿಂದಲೋ ನಿಸ್ತಂತುವಾಗಿಯೋ ಅದರ ಪ್ರತಿಬಿಂಬವನ್ನು ಕಂಪ್ಯೂಟರಿಗೆ ತರುವ ಉಪಾಯಗಳಿವೆ. ಅಲ್ಲಿ ಕೆಲಸ ಮಾಡುವುದು ನಿಜವಾದ ಫೋನೇ. ಹಣ ಕಳಿಸುವ ಯುಪಿಐ ಆ್ಯಪುಗಳನ್ನು ಎಮುಲೇಟರಿನಲ್ಲಿ ನಡೆಸಲು ಹೋಗಬೇಡಿ; ಬ್ಯಾಂಕಿನಲ್ಲಿ ದಾಖಲಾದ ಸಿಮ್ ಇರುವ ಫೋನನ್ನೇ ಅವು ಕೇಳುತ್ತವೆ, ಕೇಳುವುದೇ ಸರಿ. ಎಮುಲೇಟರನ್ನು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಬೇಕು. ಅದರಲ್ಲೂ ಎಚ್ಚರವಿರಲಿ: ಪ್ರಸಿದ್ಧವಾದ ಒಂದು ಎಮುಲೇಟರಿನ ನವೀಕರಣದ ದಾರಿಯಲ್ಲಿಯೇ ದುಷ್ಟರು ಕಳ್ಳ ತಂತ್ರಾಂಶವನ್ನು ತೂರಿಸಿದ್ದು ೨೦೨೧ರಲ್ಲಿ ಬೆಳಕಿಗೆ ಬಂದಿತ್ತು. ಇಂಥ ಸೌಲಭ್ಯ ಶಾಶ್ವತವೆಂದೂ ನಂಬಬೇಡಿ. ವಿಂಡೋಸ್ ೧೧ರೊಳಗೆ ಆಂಡ್ರಾಯ್ಡ್ ಆ್ಯಪುಗಳಿಗೆ ಜಾಗ ಕೊಡುವೆನೆಂದು ೨೦೨೧ರಲ್ಲಿ ಸಾರಿದ ಮೈಕ್ರೋಸಾಫ್ಟ್, ೨೦೨೫ರ ಮಾರ್ಚಿನಲ್ಲಿ ಆ ಬಾಗಿಲನ್ನು ಮುಚ್ಚಿತು. ಅತಿಥಿಯನ್ನು ಕರೆದವರೇ ನಾಲ್ಕು ವರ್ಷದೊಳಗೆ ಬೀಳ್ಕೊಟ್ಟರು.

ಸೇವೆಗಳನ್ನು ರೂಪಿಸುವವರಲ್ಲಿಯೂ ಒಂದು ವಿನಂತಿ. ಎಲ್ಲವನ್ನೂ ಅಂಗೈಯ ಗಾಜಿಗೇ ತುಂಬಿಸಿದಾಗ, ಕಣ್ಣು ಮಂದವಾದವರು, ಕೈ ನಡುಗುವವರು ಅಡ್ಡದಾರಿ ಹುಡುಕುತ್ತಾರೆ. ಅಡ್ಡದಾರಿಯಲ್ಲಿ ನಡೆಯುವವರೆಲ್ಲ ಕಳ್ಳರಲ್ಲ. ಅವರಲ್ಲಿ ಬಹಳ ಮಂದಿಗೆ ಹೆದ್ದಾರಿಯ ಮೆಟ್ಟಿಲು ಎತ್ತರವಾಗಿದೆ. ಓದಲಿಕ್ಕಿರುವುದನ್ನು, ಅರ್ಜಿ ತುಂಬಲಿಕ್ಕಿರುವುದನ್ನು ದೊಡ್ಡ ಪರದೆಗೂ ಒದಗಿಸಿದರೆ ವೇಷದ ಹಂಗೇ ಇರದು.

ಒಬ್ಬರ ಬದಲು ಇನ್ನೊಬ್ಬರು ದುಡಿಯಬಹುದು, ಹಾಡಬಹುದು, ಓದಿ ಹೇಳಬಹುದು. ಯಂತ್ರದ ಬದಲು ಯಂತ್ರವೂ ಹಾಗೆಯೇ. ಆದರೆ ಒಬ್ಬರ ಬದಲು ಇನ್ನೊಬ್ಬರು ಸಾಕ್ಷಿ ಹೇಳಲಾಗದು. ನೀನು ಏನು ಮಾಡಬಲ್ಲೆ ಎಂದು ಕೇಳುವಲ್ಲಿ ವೇಷ ಸಲ್ಲುತ್ತದೆ; ನೀನು ಎಲ್ಲಿ ನಿಂತಿದ್ದೆ ಎಂದು ಕೇಳುವಲ್ಲಿ ಸಲ್ಲುವುದಿಲ್ಲ. ಆ ವರ್ಷ ನಮ್ಮ ಹೊಲದ ಕಡಲೆ ಬೆಂಬಲ ಬೆಲೆಗೆ ಮಾರಾಟವಾಯಿತು. ಪಾಲಿನ ರೈತ ಒಂದು ಪಾವು ಹಸಿಗಡಲೆಯನ್ನು ನಮ್ಮ ಮನೆಗೆ ತಂದುಕೊಟ್ಟಿದ್ದ. ಅದನ್ನು ಸುಲಿಯುತ್ತ ಕುಳಿತಾಗ ನನಗಾದ ನಾಚಿಕೆ ಅವನಿಗೆ ಗೊತ್ತಿಲ್ಲ. ಅವನಿಗೆ ಹೇಳಲಾಗದ್ದನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳಿದ್ದೇನೆ.